ಸಾಕ್ಷಿಗೆ ಒತ್ತಿದ ಹೆಬ್ಬೆಟ್ಟು, ಕಳ್ಳನ ಕೈಗೆ ಕೀಲಿ

2025ರ ಜನವರಿ 17ರ ಮಧ್ಯಾಹ್ನ ಮಂಗಳೂರಿನ ಬಳಿಯ ಕೋಟೆಕಾರು ವ್ಯವಸಾಯ ಸೇವಾ ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆಗೆ ಮುಸುಕುಧಾರಿಗಳು ಪಿಸ್ತೂಲು ಹಿಡಿದು ನುಗ್ಗಿದರು. ಅಡವಿಟ್ಟ ಚಿನ್ನ ತುಂಬಿಕೊಂಡು ಕಾರು ಹತ್ತಿ ಹೋಗಿಯೇ ಬಿಟ್ಟರು. ಶಾಖೆಯ ಸಿಸಿಟಿವಿ ಕೆಟ್ಟಿತ್ತು, ಸರಿಮಾಡಲು ಬಂದಿದ್ದ ಟೆಕ್ನಿಷಿಯನ್ ದರೋಡೆಯ ಹೊತ್ತಿಗೆ ಒಳಗೇ ಇದ್ದ. ತೊಕ್ಕೊಟ್ಟಿನಿಂದ ತಲಪಾಡಿಗೆ ಹೋಗುವ ದಾರಿಯಲ್ಲೇ ನಡೆದ ಈ ಘಟನೆಯ ಬಗ್ಗೆ ತೊಕ್ಕೊಟ್ಟು ಜಂಕ್ಷನ್ನಿನ ಬಸ್ ಸ್ಟಾಪಿನಲ್ಲಿ, ಹೋಟೆಲಿನ ಮೇಜಿನಲ್ಲಿ ವಾರಗಟ್ಟಲೆ ಮಾತು ನಡೆಯಿತು. ಮುಂದಿನ ಕೆಲವೇ ದಿನಗಳಲ್ಲಿ ಆರೋಪಿಗಳು ತಮಿಳುನಾಡಿನಲ್ಲಿ ಸಿಕ್ಕಿಬಿದ್ದರು.

ಅದಕ್ಕೂ ಒಂದು ವರ್ಷಕ್ಕಿಂತ ಹಿಂದೆ, 2023ರ ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ, ಇದೇ ಮಂಗಳೂರು ಪರಿಸರದಲ್ಲಿ ಇನ್ನೊಂದು ಬಗೆಯ ಕಳವು ನಡೆದಿತ್ತು. ಅದರಲ್ಲಿ ಪಿಸ್ತೂಲಿಲ್ಲ, ಕಾರಿಲ್ಲ, ಮುಸುಕೂ ಇಲ್ಲ. ಹಾಗಾಗಿ ಹೋಟೆಲಿನ ಮೇಜಿನಲ್ಲಿ ಮಾತೂ ಕಡಿಮೆ. ಹಣ ಕಳೆದುಕೊಂಡವರ ಮೊಬೈಲಿಗೆ ಬಂದದ್ದು ಒಂದು ಎಸ್‌ಎಂಎಸ್: ನಿಮ್ಮ ಖಾತೆಯಿಂದ 10,000 ರೂಪಾಯಿ ತೆಗೆಯಲಾಗಿದೆ. ಮರುದಿನ ಅಂಥದ್ದೇ ಇನ್ನೊಂದು. ಅವರು ಬ್ಯಾಂಕಿಗೆ ಓಡಿದಾಗ ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಯಾರಿಗಾದರೂ ಒಟಿಪಿ ಹೇಳಿದ್ದೀರಾ? ಹೇಳಿರಲಿಲ್ಲ. ಲಿಂಕ್ ಒತ್ತಿದ್ದೀರಾ? ಒತ್ತಿರಲಿಲ್ಲ. ಎಟಿಎಂ ಕಾರ್ಡ್ ಕಪಾಟಿನಲ್ಲೇ ಇತ್ತು. ಆ ದಿನ ಅವರಿಗೆ ಒಂದು ಫೋನ್ ಕರೆಯೂ ಬಂದಿರಲಿಲ್ಲ.

ದೂರುಗಳು ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಯಲ್ಲಿ ಸಾಲುಸಾಲಾಗಿ ಬರತೊಡಗಿದಾಗ ಪೊಲೀಸರಿಗೆ ಒಂದು ಸಾಮ್ಯ ಕಂಡಿತು. ಹಣ ಹೋದವರು ಬೇರೆ ಬೇರೆ ಬ್ಯಾಂಕಿನವರು, ಬೇರೆ ಬೇರೆ ಊರಿನವರು. ಆದರೆ ಬಹುತೇಕರು ಸ್ವಲ್ಪ ದಿನಗಳ ಹಿಂದೆ ಜಾಗದ ವ್ಯವಹಾರಕ್ಕೆಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬಂದಿದ್ದರು. ಅಲ್ಲಿ ಹೆಬ್ಬೆಟ್ಟು ಒತ್ತಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಮಂಗಳೂರು ಪೊಲೀಸರು ಬಿಹಾರ ಮೂಲದ ಮೂವರನ್ನು ಬಂಧಿಸಿದರು. ಪೊಲೀಸರು ಹೇಳಿದ ಪ್ರಕಾರ, ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶದಿಂದ ಇಳಿಸಿಕೊಂಡ ದಸ್ತಾವೇಜುಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ತೆಗೆದು, ನಕಲಿ ಬೆರಳು ತಯಾರಿಸಿ, ಖಾತೆಗಳಿಂದ ಹಣ ಸೆಳೆಯಲಾಗಿತ್ತು.

ಈ ಪ್ರಕರಣವನ್ನು ಸೈಬರ್ ವಂಚನೆ ಎಂಬ ದೊಡ್ಡ ಗೋಣಿಗೆ ತುಂಬಿ ಮರೆತುಬಿಡುವುದು ಸುಲಭ. ನನಗೆ ಮಾತ್ರ ಇದು ಬೇರೆಯದೇ ಜಾತಿಯದಾಗಿ ಕಾಣುತ್ತದೆ. ಡಿಜಿಟಲ್ ಅರೆಸ್ಟ್, ಕೆವೈಸಿ ಕರೆ, ಲಾಟರಿ ಮೆಸೇಜು ಇವುಗಳಲ್ಲೆಲ್ಲ ಮೋಸಹೋದವನದ್ದು ಎಳ್ಳಷ್ಟಾದರೂ ಪಾಲು ಇರುತ್ತದೆ: ಹೆದರಿದ, ಆಸೆಪಟ್ಟ, ನಂಬಿದ. ಇಲ್ಲಿ ಹಣ ಕಳೆದುಕೊಂಡವರು ಮಾಡಿದ್ದು ಎರಡೇ ಕೆಲಸ, ಎರಡೂ ಸರ್ಕಾರ ಹೇಳಿದ್ದೇ. ಆಧಾರನ್ನು ಬ್ಯಾಂಕಿಗೆ ಜೋಡಿಸಿದ್ದರು, ಜಾಗವನ್ನು ಕಾನೂನಿನಂತೆ ನೋಂದಣಿ ಮಾಡಿಸಿದ್ದರು.

ಮೊದಲು ಹಣ ಹೋದ ಬಾಗಿಲನ್ನು ನೋಡೋಣ. ಅದರ ಹೆಸರು ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ನಡೆಸುವುದು ಎನ್‌ಪಿಸಿಐ, ನಮ್ಮ ಯುಪಿಐ ನಡೆಸುವ ಸಂಸ್ಥೆಯೇ. ಎಟಿಎಂ ಇಲ್ಲದ ಊರಿನಲ್ಲಿ, ಕಾರ್ಡು ಬಳಸಲು ಬಾರದವರಿಗೆ ಹಣ ಸಿಗಲಿ ಎಂದು ಮಾಡಿದ್ದು. ಅಂಗಡಿಯಲ್ಲಿ ಒಬ್ಬ ಬ್ಯಾಂಕ್ ಮಿತ್ರ ಕೂತಿರುತ್ತಾನೆ. ಅವನ ಬಳಿ ಒಂದು ಮೊಬೈಲು, ಅದಕ್ಕೆ ವಯರಿನಿಂದ ಜೋಡಿಸಿದ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬೆರಳಚ್ಚು ಯಂತ್ರ. ನೀವು ಬ್ಯಾಂಕಿನ ಹೆಸರು ಹೇಳುತ್ತೀರಿ, ಆಧಾರ್ ಸಂಖ್ಯೆ ಹೇಳುತ್ತೀರಿ, ಬೆರಳು ಇಡುತ್ತೀರಿ. ಬೆರಳಿನ ಗುರುತು ಗೂಢಲಿಪಿಯಾಗಿ ಅವನ ಬ್ಯಾಂಕಿಗೆ, ಅಲ್ಲಿಂದ ಎನ್‌ಪಿಸಿಐಗೆ, ಅಲ್ಲಿಂದ ಆಧಾರ್ ಪ್ರಾಧಿಕಾರಕ್ಕೆ ಹೋಗುತ್ತದೆ. ಪ್ರಾಧಿಕಾರ ಹೌದು ಅಥವಾ ಅಲ್ಲ ಎಂದಷ್ಟೇ ಹೇಳುತ್ತದೆ. ಹೌದು ಎಂದರೆ ನಿಮ್ಮ ಖಾತೆಯಿಂದ ಹಣ ಕಡಿತವಾಗಿ ಬ್ಯಾಂಕ್ ಮಿತ್ರನ ಲೆಕ್ಕಕ್ಕೆ ಜಮೆಯಾಗುತ್ತದೆ, ಅವನು ತನ್ನ ಮೇಜಿನ ಡ್ರಾಯರಿನಿಂದ ನೋಟು ಎಣಿಸಿ ಕೊಡುತ್ತಾನೆ. ಒಂದು ಸಲಕ್ಕೆ 10,000 ರೂಪಾಯಿಯ ಮಿತಿ. ಎಸ್‌ಎಂಎಸ್‌ಗಳಲ್ಲಿ ಅದೇ ಮೊತ್ತ ಮತ್ತೆ ಮತ್ತೆ ಕಂಡದ್ದು ಅದಕ್ಕೇ.

ಇಷ್ಟರಲ್ಲಿ ಒಟಿಪಿ ಎಲ್ಲಿ ಬಂತು? ಬರಲೇ ಇಲ್ಲ. ಪಿನ್ ಇಲ್ಲ, ಸಹಿ ಇಲ್ಲ, ಕಾರ್ಡೂ ಇಲ್ಲ. ಎಟಿಎಂನಲ್ಲಿ ನಮ್ಮ ಕೈಯಲ್ಲಿರುವ ಕಾರ್ಡು ಮತ್ತು ನಮ್ಮ ತಲೆಯಲ್ಲಿರುವ ಸಂಖ್ಯೆ, ಎರಡೂ ಬೇಕು. ಇಲ್ಲಿ ಬೇಕಾದ ಮೂರೂ ಸಂಗತಿಗಳು, ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು, ಗುಟ್ಟಿನವಲ್ಲ. ಬೆರಳಚ್ಚನ್ನು ನಾವು ಮುಟ್ಟಿದ ಪ್ರತಿ ಗಾಜಿನ ಲೋಟದ ಮೇಲೆ ಬಿಟ್ಟು ಎದ್ದು ಬರುತ್ತೇವೆ. ಇನ್ನೊಂದು ಮಾತು: ನಿಮ್ಮ ಖಾತೆ ತೊಕ್ಕೊಟ್ಟಿನ ಶಾಖೆಯಲ್ಲಿದ್ದರೂ ಬೆರಳು ಇಡುವ ಯಂತ್ರ ದೇಶದ ಯಾವ ಮೂಲೆಯಲ್ಲಿದ್ದರೂ ನಡೆಯುತ್ತದೆ. ನಿನ್ನೆ ತೊಕ್ಕೊಟ್ಟಿನಲ್ಲಿ ಯುಪಿಐ ಮಾಡಿದ ಮನುಷ್ಯ ಇವತ್ತು ಬೆಳಿಗ್ಗೆ ಬಿಹಾರದ ಹಳ್ಳಿಯೊಂದರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಾನಲ್ಲ ಎಂದು ಆ ಹೊತ್ತಿನಲ್ಲಿ ಯಾರೂ ತಡೆದು ಕೇಳಲಿಲ್ಲ.

ಈಗ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬನ್ನಿ. ಜಾಗ ಕೊಂಡವರಿಗೆ, ಮಾರಿದವರಿಗೆ, ಮನೆಯ ಮೇಲೆ ಸಾಲ ಮಾಡಿದವರಿಗೆ ಈ ಕೋಣೆ ಗೊತ್ತು. ಸರತಿ ಬಂದಾಗ ಕ್ಯಾಮರಾದ ಮುಂದೆ ಕೂರಿಸಿ ಫೋಟೋ ತೆಗೆಯುತ್ತಾರೆ. ಎಡಗೈ ಹೆಬ್ಬೆಟ್ಟನ್ನು ಯಂತ್ರದ ಗಾಜಿನ ಮೇಲೆ ಇಡಲು ಹೇಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ದಸ್ತಾವೇಜಿನ ಹಿಂಬದಿಯ ಹಾಳೆಯಲ್ಲಿ ಒಂದು ಕೋಷ್ಟಕ ಮುದ್ರಣವಾಗಿ ಬರುತ್ತದೆ: ಕ್ರಮ ಸಂಖ್ಯೆ, ಹೆಸರು, ಫೋಟೋ, ಹೆಬ್ಬೆಟ್ಟಿನ ಗುರುತು, ಸಹಿ. ಆ ಗುರುತು ಮಸಿ ಮೆತ್ತಿದ ಹಳೇ ಕಾಲದ ಕಲೆಯಂಥದ್ದಲ್ಲ. ಗೆರೆ ಗೆರೆಯೂ ಬಿಡಿಯಾಗಿ ಎಣಿಸುವಷ್ಟು ಸ್ಪಷ್ಟ. ಇನ್ನು ದಸ್ತಾವೇಜಿನ ಒಳಗೆ ಡೀಡ್ ರೈಟರ್ ಬರೆದ ಒಕ್ಕಣೆಯಲ್ಲಿ ಹೆಸರು, ಪ್ರಾಯ, ತಂದೆಯ ಅಥವಾ ಗಂಡನ ಹೆಸರು, ಮನೆ ವಿಳಾಸ, ಬಹಳ ಸಲ ಆಧಾರ್ ಸಂಖ್ಯೆಯೂ ಇರುತ್ತದೆ. ಕ್ರಯದ ಮೊಬಲಗು ಸಂದಾಯವಾದ ಬಗೆ ಹೇಳುವಲ್ಲಿ ಚೆಕ್ಕಿನ ನಂಬರು ಮತ್ತು ಬ್ಯಾಂಕಿನ ಹೆಸರು ಬರುತ್ತದೆ. ಕಳ್ಳನಿಗೆ ಬೇಕಾದ ಮೂರೂ ಒಂದೇ ಕಾಗದದಲ್ಲಿ, ಅದೂ ಸರ್ಕಾರಿ ಮುದ್ರೆಯ ಕೆಳಗೆ.

ಹಾಗಾದರೆ ನೋಂದಣಿ ಇಲಾಖೆ ತಪ್ಪು ಮಾಡಿತೇ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ರಸ್ತೆಗೆ ಹಾಕುವ ಸಾಮಗ್ರಿ ಪೂರೈಸುವ ಕರಾರಿಗೆ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಯ ಗುರುತು ಒತ್ತಿಸಿಕೊಂಡ. ಮುಂದೆ ಮಾತಿಗೆ ತಪ್ಪದಿರಲಿ ಎಂಬ ಹೆದರಿಕೆ ಹುಟ್ಟಿಸುವುದಷ್ಟೇ ಆಗ ಅವನ ಉದ್ದೇಶವಾಗಿತ್ತು. 1877ರಲ್ಲಿ ಅದೇ ಹರ್ಷೆಲ್ ಹೂಗ್ಲಿಯ ಮ್ಯಾಜಿಸ್ಟ್ರೇಟ್ ಆಗಿದ್ದಾಗ ದಸ್ತಾವೇಜು ನೋಂದಣಿಗೆ, ಪಿಂಚಣಿದಾರರಿಗೆ, ಕೈದಿಗಳಿಗೆ ಬೆರಳಚ್ಚನ್ನು ಜಾರಿಗೆ ತಂದ. ಸತ್ತವರ ಪಿಂಚಣಿಯನ್ನು ಬದುಕಿದವರು ತಿನ್ನುವುದು, ಜಾಗ ಬರೆದುಕೊಟ್ಟು ಆಮೇಲೆ ಅದು ನನ್ನ ಸಹಿಯೇ ಅಲ್ಲ ಎನ್ನುವುದು, ಇವೆರಡನ್ನೂ ತಡೆಯಬೇಕಿತ್ತು. ಇಪ್ಪತ್ತು ವರ್ಷ ಕಳೆದು, 1897ರಲ್ಲಿ, ಕಲ್ಕತ್ತೆಯಲ್ಲಿ ಪೊಲೀಸ್ ಬೆರಳಚ್ಚು ಕೇಂದ್ರ ಶುರುವಾಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ವಿಂಗಡಣೆಯ ಲೆಕ್ಕ ಕಟ್ಟಿದರು, ಹೆಸರು ಹೋದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ. ಅಂತೂ ಪೊಲೀಸ್ ಠಾಣೆಗಿಂತ ಮೊದಲೇ ಬೆರಳಚ್ಚು ನೋಂದಣಿ ಕಚೇರಿಗೆ ಬಂದಿತ್ತು. ಅಲ್ಲಿ ಅದರ ಕೆಲಸ ಸಾಕ್ಷಿ ಹೇಳುವುದು.

ಸಾಕ್ಷಿ ಬಚ್ಚಿಟ್ಟರೆ ಸಾಕ್ಷಿಯಾಗುವುದಿಲ್ಲ, ನಾಲ್ಕು ಜನರಿಗೆ ಕಾಣಬೇಕು. 1908ರ ನೋಂದಣಿ ಕಾಯ್ದೆಯ 57ನೇ ಕಲಮು ಅದನ್ನೇ ಹೇಳುತ್ತದೆ: ಶುಲ್ಕ ಕಟ್ಟಿದ ಯಾರು ಬೇಕಾದರೂ ಸ್ಥಿರಾಸ್ತಿಯ ಪುಸ್ತಕ ನೋಡಬಹುದು, ನಕಲು ಪಡೆಯಬಹುದು. ಇದು ಒಳ್ಳೆಯ ಕಾನೂನು. ನೀವು ಕೊಳ್ಳಲು ಹೊರಟ 5 ಸೆಂಟ್ಸ್ ಜಾಗವನ್ನು ಹಿಂದೆ ಯಾರು ಯಾರಿಗೆ ಬರೆದುಕೊಟ್ಟಿದ್ದಾರೆ, ಅದರ ಮೇಲೆ ಸಾಲ ಇದೆಯೇ ಎಂದು ತಿಳಿಯದೆ ಹಣ ಕೊಡುವುದು ಹೇಗೆ? ಇ.ಸಿ. (ಋಣಭಾರ ಪತ್ರ) ತೆಗೆಸುವುದು, ಹಳೇ ದಸ್ತಾವೇಜಿನ ನಕಲು ತೆಗೆಸಿ ವಕೀಲರಿಗೆ ತೋರಿಸುವುದು ದಕ್ಷಿಣ ಕನ್ನಡದಲ್ಲಿ ಮದುವೆಗೆ ಜಾತಕ ನೋಡುವಷ್ಟೇ ಮಾಮೂಲು. 2001ರ ತಿದ್ದುಪಡಿಯಿಂದ ಬಂದ 32ಎ ಕಲಮು ಫೋಟೋ ಮತ್ತು ಬೆರಳಚ್ಚು ದಸ್ತಾವೇಜಿನ ಮೇಲೇ ಇರಬೇಕು ಎಂದಿತು. ಬೇರೆಯವರ ಹೆಸರಿನಲ್ಲಿ ಬಂದು ಜಾಗ ಮಾರಿಹೋಗುವವರನ್ನು ತಡೆಯಲು ಅದೂ ಬೇಕಿತ್ತು. ಆಗ ಆಧಾರ್ ಹುಟ್ಟಿರಲಿಲ್ಲ. 2003ರ ಹೊತ್ತಿಗೆ ಕರ್ನಾಟಕದ ನೋಂದಣಿ ಕಚೇರಿಗಳಿಗೆ ಕಾವೇರಿ ಎಂಬ ಹೆಸರಿನ ಕಂಪ್ಯೂಟರ್ ವ್ಯವಸ್ಥೆ ಬಂತು. 2023ರಲ್ಲಿ ಕಾವೇರಿ 2.0 ಬಂದು, ಮನೆಯಲ್ಲೇ ಕೂತು ನಕಲು ಪಡೆಯುವ ಸೌಕರ್ಯವೂ ಸಿಕ್ಕಿತು. ಮೊದಲೆಲ್ಲ ನಕಲು ಬೇಕಾದವನು ಆ ಕಚೇರಿಗೇ ಬಂದು, ಅರ್ಜಿ ಕೊಟ್ಟು, ಗುಮಾಸ್ತರಿಗೆ ಮುಖ ತೋರಿಸಬೇಕಿತ್ತು. ಆ ತೊಂದರೆಯೇ ಒಂದು ಬೇಲಿಯಾಗಿತ್ತು ಎಂದು ಬೇಲಿ ತೆಗೆದ ಮೇಲೆಯೇ ಗೊತ್ತಾದದ್ದು.

ಬ್ಯಾಂಕಿನ ಕಡೆ ಆಗಿದ್ದು ಇನ್ನೊಂದು ಕತೆ. ಬ್ಯಾಂಕಿಗೆ ಬೆರಳಚ್ಚು ಸಾಕ್ಷಿಯಲ್ಲ, ಕೀಲಿ. ಕೀಲಿಯನ್ನು ಯಾರೂ ನೋಡಬಾರದು. ಒಂದು ಇಲಾಖೆ ನೂರು ವರ್ಷದಿಂದ ಎಲ್ಲರಿಗೂ ತೋರಿಸುತ್ತ ಬಂದ ವಸ್ತುವನ್ನೇ ಇನ್ನೊಂದು ಸಂಸ್ಥೆ ತಿಜೋರಿಯ ಕೀಲಿ ಮಾಡಿಕೊಂಡಿತು. ಒಬ್ಬರನ್ನೊಬ್ಬರು ಕೇಳಲಿಲ್ಲ. ನೋಂದಣಿ ಇಲಾಖೆ ತನ್ನ ಕಾಯ್ದೆಯಂತೆ ನಡೆಯಿತು, ಎನ್‌ಪಿಸಿಐ ತನ್ನ ನಿಯಮದಂತೆ ನಡೆಯಿತು, ಆಧಾರ್ ಪ್ರಾಧಿಕಾರ ತನ್ನ ದತ್ತಾಂಶ ಕೋಶಕ್ಕೆ ಯಾರೂ ಕನ್ನ ಹಾಕಿಲ್ಲ ಎಂದು ಹೇಳಬಹುದಿತ್ತು, ಅದೂ ನಿಜವೇ. ಕನ್ನ ಬಿದ್ದದ್ದು ಎರಡು ಕಚೇರಿಗಳ ನಡುವಿನ ಸಂದಿಯಲ್ಲಿ. ಆ ಸಂದಿಗೆ ಯಾವ ಅಧಿಕಾರಿಯೂ ಜವಾಬ್ದಾರನಲ್ಲ. ದಿನನಿತ್ಯದ ವ್ಯವಸ್ಥೆಗಳ ಭದ್ರತೆ ಕೆಡುವುದು ಹೆಚ್ಚಾಗಿ ಹೀಗೆಯೇ ಎಂಬುದು ನನ್ನ ಅಭಿಪ್ರಾಯ. ಸಿನಿಮಾದಲ್ಲಿ ತೋರಿಸುವಂತೆ ಕತ್ತಲೆ ಕೋಣೆಯಲ್ಲಿ ಹಸಿರು ಅಕ್ಷರ ಟೈಪಿಸುವವರಿಂದ ಕೆಡುವುದು ಕಡಿಮೆ.

ನಕಲಿ ಬೆರಳು ಮಾಡುವುದು ಅಷ್ಟು ಸುಲಭವೇ ಎಂದು ಕೇಳುವವರಿದ್ದಾರೆ. ಜಪಾನಿನ ಯೊಕೊಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದ ತ್ಸುತೊಮು ಮಾತ್ಸುಮೊಟೊ 2002ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಮಿಠಾಯಿಗೆ ಹಾಕುವ ಜೆಲಾಟಿನ್‌ನಿಂದ ಬೆರಳು ಮಾಡಿ, ಆಗ ಮಾರುಕಟ್ಟೆಯಲ್ಲಿದ್ದ 11 ಬಗೆಯ ಬೆರಳಚ್ಚು ಯಂತ್ರಗಳ ಮೇಲಿಟ್ಟರು. ಹನ್ನೊಂದೂ ಮೋಸಹೋದವು. ಗಾಜಿನ ಮೇಲೆ ಬಿದ್ದ ಗುರುತಿನಿಂದಲೂ ಅಂಥ ಬೆರಳು ಮಾಡಬಹುದೆಂದು ತೋರಿಸಿದರು. 2008ರಲ್ಲಿ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವರು ತಮ್ಮ ಗೃಹಮಂತ್ರಿ ವೋಲ್ಫ್‌ಗಾಂಗ್ ಶಾಯ್ಬ್ಲೆ ನೀರು ಕುಡಿದ ಲೋಟದಿಂದ ಬೆರಳಚ್ಚು ಎತ್ತಿ, ಅದನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿ ಹಂಚಿದರು. ಪಾಸ್‌ಪೋರ್ಟಿನಲ್ಲಿ ಬೆರಳಚ್ಚು ಬೇಕೇಬೇಕು ಎನ್ನುತ್ತಿದ್ದವರು ಅದೇ ಮಂತ್ರಿ. ಕೆಣಕುವುದಕ್ಕೂ ಒಂದು ಶೈಲಿ ಬೇಕು!

ಜರ್ಮನಿಯವರೆಗೆ ಹೋಗುವ ಅಗತ್ಯವೂ ಇರಲಿಲ್ಲ. 2018ರಲ್ಲಿ ನೆರೆಯ ತೆಲಂಗಾಣದಲ್ಲಿ ಸಿಮ್ ಮಾರುವ ಒಬ್ಬನನ್ನು ಪೊಲೀಸರು ಹಿಡಿದರು. ಅಲ್ಲಿನ ನೋಂದಣಿ ಇಲಾಖೆಯ ಜಾಲತಾಣದಿಂದ ದಸ್ತಾವೇಜು ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನಿಂದ ರಬ್ಬರ್ ಸ್ಟಾಂಪಿನಂಥ ಅಚ್ಚು ಮಾಡಿ, ಕಂಪನಿ ಕೊಟ್ಟ ಗುರಿ ಮುಟ್ಟಲು ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ್ದ. ಅಂದರೆ ಮಂಗಳೂರಿನಲ್ಲಿ ನಡೆದ ಕಳವಿನ ಪೂರ್ತಿ ವಿಧಾನ, ಅದೇ ಇಲಾಖೆ, ಅದೇ ಕಾಗದ, ಅದೇ ಹೆಬ್ಬೆಟ್ಟು, ಐದು ವರ್ಷ ಮೊದಲೇ ಪತ್ರಿಕೆಗಳಲ್ಲಿ ಬಂದಿತ್ತು. ಆ ಐದು ವರ್ಷದಲ್ಲಿ ಕರ್ನಾಟಕ ಹೊಸ ತಂತ್ರಾಂಶವನ್ನೇ ಕಟ್ಟಿತು, ಹೆಬ್ಬೆಟ್ಟನ್ನು ಮಾತ್ರ ಹಾಗೇ ಬಿಟ್ಟಿತು. ನೋಂದಣಿ ಇಲಾಖೆ ತಪ್ಪು ಮಾಡಿತೇ ಎಂದು ಮೇಲೆ ಕೇಳಿದ್ದಕ್ಕೆ ನನ್ನ ಉತ್ತರ ಇಲ್ಲಿದೆ: 2001ರಲ್ಲಿ ಮಾಡಲಿಲ್ಲ, 2018ರ ನಂತರ ಮಾಡಿತು.

ಇದರ ಇನ್ನೊಂದು ಮುಖವನ್ನು ನೋಡಬೇಕಾದರೆ ತಿಂಗಳ ಮೊದಲ ವಾರ ಯಾವುದಾದರೂ ನ್ಯಾಯಬೆಲೆ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ತೊಕ್ಕೊಟ್ಟು, ಕೋಟೆಕಾರು, ಉಳ್ಳಾಲದ ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸರು ಇನ್ನೂ ಇದ್ದಾರೆ. ದೋಣಿಯ ಹಗ್ಗ ಎಳೆದವರು, ಕಲ್ಲು ಹೊತ್ತವರು, ಮೀನು ಕೊಯ್ದವರು ಇದ್ದಾರೆ. ಯಂತ್ರ ಇವರನ್ನು ಗುರುತಿಸುವುದಿಲ್ಲ.

“ಬೆರಳು ಸರಿ ಇಡಿ ಅಕ್ಕಾ.”

“ಸರಿಯೇ ಇಟ್ಟದ್ದು ಮಾರಾಯ, ಇದಕ್ಕೆ ನನ್ನ ಗುರ್ತ ಸಿಗುದಿಲ್ಲ.”

“ಸೆರಗಿಗೆ ಒರೆಸಿ. ಇನ್ನೊಂದು ಬೆರಳು ಇಡಿ. ನಾಳೆ ಬನ್ನಿ.”

ಪ್ರಾಯ ಆದಂತೆ, ಕೈಕೆಲಸ ಮಾಡಿದಂತೆ ಬೆರಳಿನ ಗೆರೆ ಸವೆಯುತ್ತದೆ. ಸವೆದ ಬೆರಳಿನ ನಿಜವಾದ ಒಡತಿಗೆ ಯಂತ್ರ ಅಲ್ಲ ಎನ್ನುತ್ತದೆ. ಗೆರೆ ಚೆನ್ನಾಗಿ ಮೂಡಿದ ಸಿಲಿಕೋನ್ ತುಂಡಿಗೆ ಹೌದು ಎನ್ನುತ್ತದೆ. ಯಂತ್ರ ಮನುಷ್ಯನನ್ನು ನೋಡುವುದಿಲ್ಲ, ಗೆರೆಯನ್ನಷ್ಟೇ ನೋಡುತ್ತದೆ. ಜೀವಂತ ಬೆರಳೋ ಅಲ್ಲವೋ ಎಂದು ಪರೀಕ್ಷಿಸುವ ವಿಧಾನವನ್ನು ಆಧಾರ್ ಪ್ರಾಧಿಕಾರ 2023ರ ಫೆಬ್ರವರಿಯಲ್ಲಿ ತಂದಿತು. ಮಂಗಳೂರಿನ ಖಾತೆಗಳಿಂದ ಹಣ ಹೋದದ್ದು ಅದಾದ ಮೇಲೆ.

ಇದನ್ನೆಲ್ಲ ಬರೆಯುವಾಗ ನನಗೆ ಪಿಗ್ಮಿ ನೆನಪಾಗುತ್ತದೆ. ಕೆನರಾ, ಕರ್ಣಾಟಕ, ಕಾರ್ಪೊರೇಷನ್, ವಿಜಯಾ, ಸಿಂಡಿಕೇಟ್ ಇವೆಲ್ಲ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ಬ್ಯಾಂಕೇ ಮನೆಬಾಗಿಲಿಗೆ ಬಂತು, ಇವತ್ತಿನ ಬ್ಯಾಂಕ್ ಮಿತ್ರನ ಮುತ್ತಜ್ಜ ಎನ್ನಬಹುದಾದ ಒಬ್ಬ ಏಜೆಂಟನ ರೂಪದಲ್ಲಿ. ಅವನು ಅಂಗಡಿಯವನ ಮುಖ ಬಲ್ಲ, ಅಂಗಡಿಯವನು ಅವನ ಮನೆ ಬಲ್ಲ. ಪಿಗ್ಮಿಯಲ್ಲೂ ಹಣ ನುಂಗಿದ ಏಜೆಂಟರಿದ್ದರು, ಇಲ್ಲವೆಂದಲ್ಲ. ಆದರೆ ನುಂಗಿದವನು ಇದೇ ಊರಿನವನು, ಹಿಡಿಯಲು ಸಿಗುತ್ತಿದ್ದ. ಎಇಪಿಎಸ್‌ನಲ್ಲಿ ಏಜೆಂಟನ ಗುರುತೇ ನಕಲಿಯಾಗಿರಬಹುದು. ನಕಲಿ ಬೆರಳು ಇದ್ದರಷ್ಟೇ ಸಾಲದು, ಅದನ್ನು ಒತ್ತಲು ಒಂದು ಬ್ಯಾಂಕ್ ಮಿತ್ರನ ಐ.ಡಿ. ಬೇಕು. ಅದನ್ನು ಯಾರದೋ ದಾಖಲೆ ಕೊಟ್ಟು ಪಡೆದುಕೊಳ್ಳುವುದು ಕಷ್ಟವಿರಲಿಲ್ಲ. ಈ ತೂತನ್ನು ಮುಚ್ಚಲು ರಿಸರ್ವ್ ಬ್ಯಾಂಕ್ 2025ರ ಜೂನ್ 27ರಂದು ನಿರ್ದೇಶನ ಹೊರಡಿಸಿತು. ಎಇಪಿಎಸ್ ನಡೆಸುವವರ ಪೂರ್ವಾಪರವನ್ನು ಬ್ಯಾಂಕುಗಳು ಸರಿಯಾಗಿ ಪರಿಶೀಲಿಸಬೇಕು, ಮೂರು ತಿಂಗಳು ಸುಮ್ಮನಿದ್ದವನು ಮತ್ತೆ ಶುರುಮಾಡುವ ಮೊದಲು ಕೆವೈಸಿ ಮತ್ತೊಮ್ಮೆ ಆಗಬೇಕು, ಅವನ ವಹಿವಾಟಿನ ಮೇಲೆ ನಿಗಾ ಇರಬೇಕು ಎಂಬುದು ಅದರ ಸಾರ. ಜಾರಿಗೆ ನಿಗದಿಯಾದ ದಿನ 2026ರ ಜನವರಿ 1.

ಕರ್ನಾಟಕ ಸರ್ಕಾರವೂ ಮಂಗಳೂರಿನ ದೂರುಗಳ ನಂತರ ಎಚ್ಚೆತ್ತು, ಆನ್‌ಲೈನ್ ನಕಲಿನಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡಿತು. ಬೇಕಿದ್ದದ್ದು ಅದೇ. ಕಷ್ಟ ಇರುವುದು ಹೊರಗೆ ಹೋಗಿಯಾದ ಕಾಗದದಲ್ಲಿ. ಒಂದು ಜಾಗದ ವ್ಯವಹಾರದಲ್ಲಿ ದಸ್ತಾವೇಜಿನ ಎಷ್ಟು ಜೆರಾಕ್ಸ್ ಆಗುತ್ತದೆ ಎಂದು ಲೆಕ್ಕ ಹಾಕಿ: ಬ್ರೋಕರಿಗೊಂದು, ವಕೀಲರಿಗೊಂದು, ಸಾಲ ಕೊಡುವ ಬ್ಯಾಂಕಿಗೊಂದು, ಪಂಚಾಯತಿಗೊಂದು, ಕರೆಂಟಿನ ಅರ್ಜಿಗೊಂದು. ಎಲ್ಲಕ್ಕಿಂತ ಹೆಚ್ಚಾಗಿ, ಈಗ ಎಲ್ಲರೂ ವಾಟ್ಸ್‌ಆ್ಯಪಿನಲ್ಲಿ ಪಿಡಿಎಫ್ ಕಳಿಸುತ್ತಾರೆ. ನಮ್ಮ ಕಡೆಯ ಕುಟುಂಬದ ಪಾಲುಪಟ್ಟಿಗಳನ್ನು ನೋಡಿದವರಿಗೆ ಗೊತ್ತು. ಅಳಿಯಕಟ್ಟಿನ ದೊಡ್ಡ ಕುಟುಂಬವಾದರೆ ಅಜ್ಜಿಯಿಂದ ಹಿಡಿದು ಮೊಮ್ಮಗಳವರೆಗೆ ಸಾಲಾಗಿ ಹೆಬ್ಬೆಟ್ಟು, ಫೋಟೋ, ಸಹಿ. ಒಂದು ಪಿಡಿಎಫ್, ಇಡೀ ಕುಟುಂಬದ ಕೀಲಿಗೊಂಚಲು.

ಗಲ್ಫಿನಲ್ಲಿರುವವರ ಗತಿ ಇನ್ನೂ ಸೂಕ್ಷ್ಮ. ತೊಕ್ಕೊಟ್ಟಿನಿಂದ ದೇರಳಕಟ್ಟೆಯವರೆಗೆ ದುಬೈ, ದಮ್ಮಾಮಿನ ದುಡಿಮೆಯಲ್ಲಿ ಎದ್ದ ಮನೆಗಳೆಷ್ಟೋ. ರಜೆಯಲ್ಲಿ ಬಂದವರು ಹತ್ತು ದಿನದೊಳಗೆ ಜಾಗ ನೋಂದಣಿ ಮಾಡಿಸಿ, ಹೆಬ್ಬೆಟ್ಟು ಒತ್ತಿ ವಿಮಾನ ಹತ್ತುತ್ತಾರೆ. ಊರಿನ ಸಿಮ್ ಡ್ರಾಯರಿನಲ್ಲಿ, ರೀಚಾರ್ಜ್ ಮುಗಿದು ಬಿದ್ದಿರುತ್ತದೆ. ಹಣ ಹೋದ ಎಸ್‌ಎಂಎಸ್ ಬಂದರೂ ಓದುವವರಿಲ್ಲ. ಎಇಪಿಎಸ್ ಕಳವಿನಲ್ಲಿ ನಮಗೆ ಸಿಗುವ ಒಂದೇ ಎಚ್ಚರಿಕೆ ಆ ಎಸ್‌ಎಂಎಸ್, ಅದೂ ಹಣ ಹೋದ ಮೇಲೆ.

ಮನೆಯ ಕೀಲಿ ಕಳೆದರೆ ಬೀಗ ಬದಲಿಸುತ್ತೇವೆ. ಪಾಸ್‌ವರ್ಡ್ ಸೋರಿದರೆ ಹೊಸದು ಹಾಕುತ್ತೇವೆ, ಕಾರ್ಡ್ ಕಳೆದರೆ ಬ್ಲಾಕ್ ಮಾಡಿಸುತ್ತೇವೆ. ಬೆರಳು ಬದಲಿಸಲು ಬರುವುದಿಲ್ಲ, ಹತ್ತರಲ್ಲಿ ಒಂದು ಹೋದರೆ ಜೀವಮಾನಕ್ಕೆ ಹೋದಂತೆ. ಹಾಗಾಗಿ ಬದಲಿಸುವುದನ್ನು ಬಿಟ್ಟು ಬೀಗ ಹಾಕುವುದೊಂದೇ ದಾರಿ. ಅದು ಇದೆ, ಪುಕ್ಕಟೆಯಾಗಿಯೇ ಇದೆ. ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣಕ್ಕೆ ಹೋಗಿ ಒಟಿಪಿ ಕೊಟ್ಟು ಒಳಹೊಕ್ಕರೆ ಬಯೋಮೆಟ್ರಿಕ್ ಲಾಕ್ ಮಾಡುವ ಅವಕಾಶ ಸಿಗುತ್ತದೆ. ಲಾಕ್ ಮಾಡಿದ ಮೇಲೆ ನಿಮ್ಮ ಬೆರಳನ್ನು, ನಿಜವಾದದ್ದೇ ಆಗಲಿ, ಸಿಲಿಕೋನಿನದ್ದೇ ಆಗಲಿ, ಯಂತ್ರದ ಮೇಲಿಟ್ಟರೆ 330 ಎಂಬ ದೋಷ ಸಂಖ್ಯೆ ತೋರಿಸಿ ವ್ಯವಹಾರ ನಿಲ್ಲುತ್ತದೆ. ಬೇಕಾದಾಗ ಸ್ವಲ್ಪ ಹೊತ್ತಿಗೆ ಮಾತ್ರ ತೆರೆದುಕೊಳ್ಳಬಹುದು. ಒಟಿಪಿ ಮೂಲಕ ನಡೆಯುವ ಕೆಲಸಗಳಿಗೆ ತೊಂದರೆಯಿಲ್ಲ. ಮೊಬೈಲ್ ನಂಬರು ಆಧಾರಿಗೆ ಜೋಡಣೆಯಾಗಿರಬೇಕು ಎಂಬುದೊಂದೇ ಷರತ್ತು. ಸಂಶಯವಿದ್ದರೆ 1947ಕ್ಕೆ ಕರೆ ಮಾಡಿ ಕೇಳಬಹುದು.

ಆದರೆ ಈ ಸಲಹೆ ಯಾರಿಗೆ ಅನ್ವಯ? ಸ್ಮಾರ್ಟ್ ಫೋನಿನಲ್ಲಿ ಲಾಕ್ ಮಾಡಿ, ಬೇಕಾದಾಗ ತೆರೆಯಬಲ್ಲವರಿಗೆ. ಅವರಿಗೆ ಎಇಪಿಎಸ್ಸೇ ಬೇಕಿಲ್ಲ, ಯುಪಿಐ ಇದೆ. ಯಾರಿಗೆ ಎಇಪಿಎಸ್ ನಿಜಕ್ಕೂ ಬೇಕೋ, ಅಂದರೆ ಫೋನಿಲ್ಲದ, ಪಿಂಚಣಿಗೆ ಬೆರಳು ಒತ್ತುವ, ರೇಷನ್ನಿಗೆ ಬೆರಳು ಒತ್ತುವ ಅಜ್ಜಿಗೆ, ಲಾಕ್ ಮಾಡಿ ಎನ್ನುವುದು ಊಟ ಬಿಡಿ ಎಂದ ಹಾಗೆ. ಈ ಎರಡು ಗುಂಪಿನ ಜನರನ್ನು ಒಂದೇ ವ್ಯವಸ್ಥೆಗೆ, ಕೇಳದೆಯೇ ಸೇರಿಸಿದ್ದು ಮೂಲ ತಪ್ಪು. ಆಧಾರ್ ಜೋಡಿಸಿದ ಖಾತೆಗೆ ಎಇಪಿಎಸ್ ತಾನಾಗಿ ತೆರೆದುಕೊಳ್ಳುತ್ತದೆ. ಖಾತೆದಾರ ಅರ್ಜಿ ಕೊಟ್ಟಿಲ್ಲ, ಸಹಿ ಹಾಕಿಲ್ಲ, ಬಹಳ ಜನರಿಗೆ ಅದರ ಹೆಸರೂ ಗೊತ್ತಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಮಾಷೆಯೆಂದರೆ ಅಂದು ಆಧಾರ್ ಕಾಯ್ದೆಯಲ್ಲಿ ಕೋರ್ಟು ಭಾಗಶಃ ಹೊಡೆದುಹಾಕಿದ ಕಲಮಿನ ಸಂಖ್ಯೆಯೂ, ನೋಂದಣಿ ಕಾಯ್ದೆಯ ಆ ಕಲಮಿನಂತೆಯೇ, 57. ಆ ಹೊತ್ತಿಗೆ ಹೆಚ್ಚಿನವರ ಜೋಡಣೆ ಮುಗಿದಿತ್ತು. ಉಳಿದವರದ್ದು ಸರ್ಕಾರಿ ಯೋಜನೆಗಳ ಹಣಕ್ಕಾಗಿ ಆಯಿತು. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾದಾಗ ಬ್ಯಾಂಕುಗಳ ಮುಂದೆ ಆಧಾರ್ ಜೋಡಣೆಗೆ ನಿಂತ ಹೆಂಗಸರ ಸಾಲನ್ನು ಎಲ್ಲರೂ ನೋಡಿದ್ದೇವೆ. ಮಂಗಳೂರಿನ ಖಾತೆಗಳಿಂದ ಹಣ ಹೋಗುತ್ತಿದ್ದದ್ದೂ ಅದೇ ದಿನಗಳಲ್ಲಿ.

ಹಣ ಹೋದರೆ ಏನು ಎಂಬುದನ್ನೂ ಹೇಳಿಬಿಡಬೇಕು, ಏಕೆಂದರೆ ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದ್ದೂ ಅಲ್ಲದೆ ಬ್ಯಾಂಕಿನದ್ದೂ ಅಲ್ಲದೆ ವ್ಯವಸ್ಥೆಯಲ್ಲಿ ಇನ್ನೆಲ್ಲೋ ಆಗಿದ್ದರೆ, ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ ಗ್ರಾಹಕನ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಸ್ವಲ್ಪ ಹೊಣೆ ಬೀಳುತ್ತದೆ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. ಗ್ರಾಹಕನದ್ದೇ ತಪ್ಪು ಎಂದು ಸಾಧಿಸುವ ಭಾರ ಬ್ಯಾಂಕಿನ ಮೇಲೆ. ಆದ್ದರಿಂದ ಮೊದಲು 1930ಕ್ಕೆ ಕರೆ, ಆಮೇಲೆ ಶಾಖೆಗೆ ಬರವಣಿಗೆಯಲ್ಲಿ ದೂರು, ಅದರ ಪ್ರತಿಯ ಮೇಲೆ ಮೊಹರು ಮತ್ತು ತಾರೀಕು. ಬಾಯಿಮಾತಿನ ದೂರಿಗೆ ತಾರೀಕು ಇರುವುದಿಲ್ಲ. ಬ್ಯಾಂಕು ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ವಿಚಾರಿಸಲು 14448.

ಇಷ್ಟೆಲ್ಲ ಖಾತೆದಾರ ಮಾಡಬೇಕಾದ್ದು. ಬ್ಯಾಂಕುಗಳು ಮಾಡಬೇಕಾದ್ದು ಇದಕ್ಕಿಂತ ಸಣ್ಣದು. ಎಇಪಿಎಸ್ ಬೇಕು ಎಂದು ಬರೆದುಕೊಟ್ಟವರ ಖಾತೆಗೆ ಮಾತ್ರ ಅದನ್ನು ತೆರೆಯಲಿ, ಉಳಿದ ಎಲ್ಲ ಖಾತೆಗಳಲ್ಲಿ ಮುಚ್ಚಿರಲಿ. ಬೇಕೆಂದ ಅಜ್ಜಿಗೆ ಅವಳದೇ ತಾಲೂಕಿನ ಯಂತ್ರದಲ್ಲಿ ಮಾತ್ರ ಹಣ ಸಿಗುವಂತೆ ಇರಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಒಂದು ಸುತ್ತೋಲೆ ಸಾಕು. ಅದು ಬರುವವರೆಗೆ, ಜಾಗದ ನೋಂದಣಿಗೆ ದಿನ ಗೊತ್ತುಮಾಡಿಕೊಂಡವರು ಕಚೇರಿಯಿಂದ ಹೊರಬಂದ ಕೂಡಲೇ ಬೆರಳಿಗೆ ಲಾಕ್ ಹಾಕಿ. ಮನೆಯಲ್ಲಿ ಪಾಲುಪಟ್ಟಿಗೆ ಹೆಬ್ಬೆಟ್ಟು ಒತ್ತಿದ ಹಿರಿಯರಿದ್ದರೆ ಅವರದ್ದಕ್ಕೂ ನೀವೇ ಹಾಕಿಕೊಡಿ, ಪಿಂಚಣಿಯ ದಿನ ತೆರೆದುಕೊಡುವ ಜವಾಬ್ದಾರಿಯನ್ನೂ ಹೊತ್ತುಕೊಳ್ಳಿ.